ಕೀಬೋರ್ಡಿನ ಆಟೋ ಬೇಸ್ ಗುಂಡಿಯವರ ಸನ್ನಿಧಾನಕ್ಕೆ

ಮಾನ್ಯರೇ,

ಹುಣಸೂರಿನ ಉಮಾಶಂಕರಣ್ಣನ ವಾದ್ಯಗೋಷ್ಠಿಯ ಕೀಬೋರ್ಡಿನಲ್ಲಿ, ಎಡಗಡೆಯ ಮೂಲೆಯಲ್ಲಿ, ಕೆಂಪು ದೀಪ ಹೊತ್ತಿಸಿಕೊಂಡು ವಿರಾಜಮಾನರಾಗಿರುವ ತಮಗೆ, ಅದೇ ಗೋಷ್ಠಿಯಲ್ಲಿ ಒಂಬತ್ತು ವರ್ಷ ಬೇಸ್ ಗಿಟಾರ್ ನುಡಿಸಿದ ಗಾವಡಗೆರೆಯ ನಟರಾಜು ಅಡ್ಡಬಿದ್ದು ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಹೋದ ವಾರವಷ್ಟೇ ಉಮಾಶಂಕರಣ್ಣ ತಮ್ಮ ಮೇಲಿನ ಧೂಳನ್ನು ಹೆಗಲ ಮೇಲಿನ ಟವೆಲಿನಿಂದ ಮೆಲ್ಲಗೆ ಒರೆಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಗಿಟಾರಿಗೆ ಆ ಭಾಗ್ಯ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ.

ತಾವು ಗೋಷ್ಠಿಗೆ ಪಾದ ಬೆಳೆಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಉಮಾಶಂಕರಣ್ಣ ತಮ್ಮನ್ನು ಒತ್ತಿ ಎಡಗೈಯ ಮೂರು ಬೆರಳು ಕೀಬೋರ್ಡಿನ ಮನೆಗಳ ಮೇಲಿಟ್ಟರು, ತಾವು ತಟ್ಟನೆ ಡುಮ್ ಡುಮ್ ಎಂದಿರಿ, ಅವರು ನನ್ನ ಕಡೆ ತಿರುಗಿ, "ಬ್ಯಾಸ್ರ ಮಾಡ್ಕಬ್ಯಾಡ ಕಣ್ಲಾ ನಟರಾಜು. ಗುಂಡಿ ಒತ್ತುದ್ರೆ ಬೇಸು ತಾನೇ ಬತ್ತದೆ. ನೀನು ಬೇಕಾದ್ರೆ ಸ್ಪೀಕರ್ ಬಾಕ್ಸ್ ಎತ್ತಾಕ್ ಬಾ" ಎಂದರು. ನನ್ನ ಹೊಟ್ಟೆ ಉರಿದುಹೋಯಿತು, ಸುಳ್ಳೇಕೆ ಹೇಳಲಿ. ಆದರೂ ನ್ಯಾಯವಾಗಿ ಹೇಳಬೇಕೆಂದರೆ ನಾನು ನುಡಿಸುತ್ತಿದ್ದದ್ದೂ ಅದೇ ಡುಮ್ ಡುಮ್. ಹಾಡು ಯಾವುದಾದರೇನು, ನಾವು ಕಾರ್ಡ್ ಎಂದು ಕರೆಯುವ ಸ್ವರಗಳ ಗುಂಪು ಬದಲಾದಾಗ ಅದರ ಮೂಲ ಸ್ವರಕ್ಕೊಂದು ನೆಗೆತ, ಮುಂದಿನದು ಬರುವವರೆಗೆ ಅಲ್ಲೇ ಬಿಡಾರ. ಆ ಕೆಲಸವನ್ನು ತಾವು ನನಗಿಂತ ಸೊಗಸಾಗಿ ಮಾಡುತ್ತೀರಿ. ತಾವು ಬೆವರುವುದಿಲ್ಲ, ಶ್ರುತಿ ತಪ್ಪುವುದಿಲ್ಲ, ವ್ಯಾನಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳ ತೆಗೆಯುವುದಿಲ್ಲ.

ಹಟಕ್ಕೆ ಬಿದ್ದು ನಾನು ಫೋನಿನಲ್ಲಿ ವಿಡಿಯೋ ನೋಡಿಕೊಂಡು ವಾಕಿಂಗ್ ಬೇಸ್ ಎಂಬ ವಿದ್ಯೆಗೆ ಕೈಹಾಕಿದೆ. ಜಾಝ್ ಸಂಗೀತದವರು ಬೆಳೆಸಿದ ವಿದ್ಯೆಯಂತೆ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ನೆಗೆಯುವ ಹಾಗಿಲ್ಲ, ತಾಳದ ಏಟಿಗೊಂದು ಸ್ವರ ಇಡುತ್ತ ನಡೆದೇ ಹೋಗಬೇಕು. ಹೇಳಿಕೊಡುವ ಪುಣ್ಯಾತ್ಮನ ಇಂಗ್ಲಿಷು ಅರ್ಧ ತಲೆಯ ಮೇಲೆ ಹಾದುಹೋಯಿತು. ಉಳಿದರ್ಧ ತಿಳಿಸಿದವರು ಗಿಟಾರಿಗೆ ಎಷ್ಟು ತಂತಿಯೆಂದೂ ಗೊತ್ತಿಲ್ಲದ ನಮ್ಮ ಚಲುವಯ್ಯ ಮಾವ. ಅವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆ ಕಾಯಲು ಕೂತಿದ್ದ ನಾನು, ಬೇಗ ಬೇಯಿಸಿ ಗಿಟಾರ್ ಹಿಡಿಯೋಣವೆಂದು ಒಲೆಗೆ ಒಂದೇ ಸಲ ಸೌದೆ ತುರುಕಿದ್ದಕ್ಕೆ ಅವರು ಥರ್ಮಾಮೀಟರ್ ನೋಡಿ, "ಡಿಗ್ರಿ ಮ್ಯಾಲೆ ಡಿಗ್ರಿ ಏರುಸ್ಬೇಕು ಕಣ್ಲಾ ಮುಂಡೇದೆ. ಒಂದೇ ಕಿತ ಎಗರುಸುದ್ರೆ ಸೊಪ್ಪು ಅಸುರಾಗೇ ಒಣ್ಗೋಯ್ತದೆ" ಎಂದು ಉಗಿದರು. ಅಷ್ಟು ದಿನ ನಾನು ಸ್ವರದಿಂದ ಸ್ವರಕ್ಕೆ ಎಗರಿ ಹಸಿರು ಸೊಪ್ಪನ್ನೇ ಜನರಿಗೆ ಕೇಳಿಸುತ್ತಿದ್ದೆನೆಂದು ಆವತ್ತು ಅರ್ಥವಾಯಿತು.

ಮಾನ್ಯರೇ, ನನ್ನ ದೂರು ಇಲ್ಲಿಂದ ಶುರು. ತಮ್ಮ ಕೃಪೆಯಿಂದ ಈ ವಿದ್ಯೆ ತಲೆಗೆ ಹತ್ತಿದ ಮೇಲೆ ನನ್ನ ಸುಖವೆಲ್ಲ ಹಾಳಾಗಿದೆ. ಮೊದಲು ಹಾಡು ಎಲ್ಲಿಗಾದರೂ ಹೋಗಲಿ ಎಂದು ಮದುವೆ ಮನೆಯ ಜನರನ್ನು ನೋಡುತ್ತ ನಿಂತಿರುತ್ತಿದ್ದೆ. ಈಗ ಸಿನಿಮಾ ಹಾಡಾಗಲಿ, ಭಜನೆಯಾಗಲಿ, ಜನಪದವಾಗಲಿ, ಮುಂದೆ ಎಲ್ಲಿಗೆ ಹೋಗುತ್ತದೆ, ಅಲ್ಲಿಗೆ ಎಷ್ಟು ದಾರಿಗಳಿವೆ ಎಂದು ಕಿವಿ ಮುಂಚೆಯೇ ಹೇಳುತ್ತದೆ, ಬೆರಳು ಸುಮ್ಮನಿರುವುದಿಲ್ಲ. ನಮ್ಮೂರಿನ ಶನಿವಾರದ ಭಜನೆಯಲ್ಲಿ ಉತ್ಸಾಹ ತಡೆಯಲಾರದೆ ಎಷ್ಟು ನಡೆದೆನೆಂದರೆ, ಹಾರ್ಮೋನಿಯಂ ನುಡಿಸುವ ಚನ್ನಬಸವಣ್ಣನವರು ತಿದಿ ಒತ್ತುವುದನ್ನು ನಿಲ್ಲಿಸಿ, "ನೀನು ಎತ್ಲಾಗೋದ್ಯಪ್ಪಾ? ನಾವು ಇಲ್ಲೇ ಕುಂತಿದ್ದೀವಿ" ಎಂದರು. ಎಲ್ಲಿ ನಡೆಯಬಾರದು ಎಂಬುದನ್ನು ಹೀಗೆ ಮಾನ ಕೊಟ್ಟು ಕಲಿತೆ.

ಇನ್ನು ಬೆಟ್ಟದಪುರದ ಆರತಕ್ಷತೆಗೆ ಬರುತ್ತೇನೆ. ಅಂದು ನಾನು ಬಾಕ್ಸ್ ಎತ್ತಲು ಬಂದವನು. ಗಿಟಾರನ್ನೇಕೆ ವ್ಯಾನಿಗೆ ಹಾಕಿಕೊಂಡು ಬಂದಿದ್ದೆ ಎಂದು ಕೇಳಿ ನನ್ನ ಮರ್ಯಾದೆ ತೆಗೆಯಬೇಡಿ. ಹೆಣ್ಣಿನ ಅಜ್ಜಿ ತಿಮ್ಮಮ್ಮನವರು ಮೊಮ್ಮಗಳಿಗೆ ಒಂದು ಸೋಬಾನೆ ಪದ ಹೇಳುತ್ತೇನೆಂದು ವೇದಿಕೆ ಹತ್ತಿದರು, ತಾವು ಎಂದಿನ ಶಿಸ್ತಿನಿಂದ ಡುಮ್ ಡುಮ್ ಆರಂಭಿಸಿದಿರಿ. ಅಜ್ಜಿಯಾದರೋ ಉಸಿರಿಗೆ ತಕ್ಕಂತೆ ತಾಳ ನಡೆಸುವವರು, ಮೊಮ್ಮಗಳ ಮುಖ ನೋಡುತ್ತ ಒಂದು ಗಳಿಗೆ ನಿಲ್ಲುವವರು. ತಾವು ನಿಲ್ಲಲಿಲ್ಲ. ಮೂರು ಸಲ ಮೊದಲಿನಿಂದ ಹಿಡಿದು ಮೂರು ಸಲವೂ ಹಿಂದೆ ಬಿದ್ದ ಅಜ್ಜಿ ಮೈಕಿನಲ್ಲೇ, "ಅದ್ಯಾವನ್ಲಾ ಅವ್ನು, ಉಸ್ರು ತಕ್ಕಳಕ್ಕೂ ಬುಡದಂಗೆ ಓಡ್ತಾ ಅವ್ನೆ? ಅವನ್ಗೇನು ಬಸ್ಸು ಓಯ್ತದಾ?" ಎಂದು ಕೇಳಿದರು. ಇಡೀ ಛತ್ರ ನಕ್ಕಿತು. ಅಜ್ಜಿ ನಗಲಿಲ್ಲ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೆಳಗಿಳಿಯಲು ಹೊರಟರು.

ಉಮಾಶಂಕರಣ್ಣ ತಮ್ಮ ಕೆಂಪು ದೀಪ ಆರಿಸಿದರು. ನಾನು ಯಾರನ್ನೂ ಕೇಳದೆ ಗಿಟಾರ್ ಸಿಕ್ಕಿಸಿಕೊಂಡು ಅಜ್ಜಿಯ ಹಿಂದೆ ನಿಂತೆ. ಅವರು ರಾಗ ಎಳೆದಾಗ ಎರಡು ಹೆಜ್ಜೆ ಹೆಚ್ಚು ನಡೆದೆ, ನಿಂತಾಗ ಅಲ್ಲೇ ಸುತ್ತಾಡಿಕೊಂಡಿದ್ದೆ, ಅವರು ಮುಂದಿನ ಸಾಲು ಹಿಡಿಯುವಷ್ಟರಲ್ಲಿ ನಾನೂ ಅಲ್ಲಿಗೆ ಸೇರಿದೆ. ಹನ್ನೊಂದು ನುಡಿ ಹೇಳಿ ಮುಗಿಸಿದ ಅಜ್ಜಿ ನನ್ನ ಗಲ್ಲ ಸವರಿ, "ಈ ಮಗ ಕಾಯ್ತಾನೆ ಕಣ್ರಪ್ಪಾ" ಎಂದರು. ನನಗೆ ಅಳು ಬಂತು. ವ್ಯಾನು ಹತ್ತುವಾಗ ಉಮಾಶಂಕರಣ್ಣ, "ನನ್ನ ಎಡಗೈಗೂ ಅದ್ನ ವಸಿ ಯೋಳ್ಕೊಡ್ಲಾ" ಎಂದು ಮೆಲ್ಲಗೆ ಕೇಳಿ, ಕೆ.ಆರ್. ನಗರದ ಕಾರ್ಯಕ್ರಮಕ್ಕೆ ಗಿಟಾರ್ ಸಮೇತ ಬರಲು ಹೇಳಿದರು.

ಆದಕಾರಣ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ತಾವು ಒಂದು ಹಂಗಾಮು ಬಿಡುವು ಮಾಡಿಕೊಂಡು ಚಲುವಯ್ಯ ಮಾವನ ಬ್ಯಾರನ್ ಮುಂದೆ ಕೂರಬೇಕು, ಅವರಿಂದ ಸರಿಯಾಗಿ ಬೈಸಿಕೊಳ್ಳಬೇಕು, ಆಮೇಲೆ ಸಾಧ್ಯವಾದರೆ ಒಮ್ಮೆ ಉಸಿರಾಡಿ ನೋಡಬೇಕು.

ಇಂತಿ, ತಾವು ಒದ್ದು ಓಡಿಸಿದ್ದರಿಂದಲೇ ನಡೆಯಲು ಕಲಿತ ತಮ್ಮ ವಿಶ್ವಾಸಿ,
ನಟರಾಜು, ಗಾವಡಗೆರೆ

ಮರೆತ ಮಾತು: ಕೆಲಸ ಹೋಯಿತೆಂದು ತಾವು ನೊಂದುಕೊಳ್ಳಬಾರದು. ಕೆ.ಆರ್. ನಗರದಲ್ಲಿ ನಾವೆಲ್ಲ ಊಟಕ್ಕೆ ಕೂತ ಮುಕ್ಕಾಲು ಗಂಟೆ ವೇದಿಕೆಯನ್ನು ತಮಗೊಬ್ಬರಿಗೇ ಬಿಟ್ಟಿದ್ದೆವು. ತಾವು ಅಮೋಘವಾಗಿ ನುಡಿಸಿದಿರಂತೆ, ಕುರ್ಚಿ ಜೋಡಿಸುತ್ತಿದ್ದವರು ಹೇಳಿದರು.