ಟ್ರೈಲರಿನ ಹಿಂದಿನ ನನ್ನ ಮುಖ

ನನ್ನ ತಮ್ಮ ಬರೆದ ಚಿತ್ರ ನೋಡಿ ಇಷ್ಟು ವರ್ಷ ನಾನು ಅವನ ಎದುರಿಗೆ ಒಂದು ಸಲವೂ ನಗಲಿಲ್ಲ. ಅದೇನು ಅಂಥ ದೊಡ್ಡ ತಪ್ಪು ಎನ್ನುತ್ತೀರಾ? ಅವನ ಕಸುಬೇ ಜನರನ್ನು ನಗಿಸುವುದು! ಚೌಕ ಹಾಕಿ, ಚೌಕದೊಳಗೆ ಮನುಷ್ಯರನ್ನು ನಿಲ್ಲಿಸಿ, ಅವರ ತಲೆಯ ಪಕ್ಕ ಗುಳ್ಳೆ ಊದಿ, ಗುಳ್ಳೆಯೊಳಗೆ ಮಾತು ತುಂಬುವ ಕಾಮಿಕ್ಸ್ ಪುಸ್ತಕ ಮಾಡುತ್ತಾನೆ. ಎಲ್ಲೆಲ್ಲಿಯವರೋ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಾರಂತೆ. ಕೊಟ್ಟೂರು ಬಸ್ ಸ್ಟ್ಯಾಂಡಿನ ಪಕ್ಕ ಮಿರ್ಚಿ ಬಜ್ಜಿಯ ಅಂಗಡಿ ಇಟ್ಟಿರುವ ನಾನೊಬ್ಬಳು, ಒಡಹುಟ್ಟಿದ ಅಕ್ಕ, ನಗಲಿಲ್ಲ.

ಅವನು ಎಂಥವನು ಎಂದು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಹುಚ್ಚ, ಉಳಿದರ್ಧ ಎಣ್ಣೆ. ತಪ್ಪು ತಿಳಿಯಬೇಡಿ, ಕುಡಿಯುವುದಲ್ಲ, ಕರಿಯುವ ಎಣ್ಣೆ!

ಆರನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿ ಅವ್ವ ತನ್ನ ಜೊತೆ ಬಾಣಲೆಯ ಮುಂದೆ ನಿಲ್ಲಿಸಿಕೊಂಡಳು. ತಮ್ಮನಾದರೂ ಓದಲಿ ಎಂದು ತೀರ್ಮಾನವಾಗಿತ್ತು. ಅವನೂ ಓದಿದ. ಏನನ್ನು? ಮಿರ್ಚಿ ಕಟ್ಟುವ ರದ್ದಿ ಕಾಗದವನ್ನು! ರದ್ದಿಯಲ್ಲಿ ಮಕ್ಕಳ ಪತ್ರಿಕೆಗಳ ಚಿತ್ರಕಥೆಯ ಹಾಳೆಗಳೂ ಬರುತ್ತಿದ್ದವು. ಗಿರಾಕಿಗಳು ತಿಂದು ಮುದುಡಿ ಎಸೆದದ್ದನ್ನು ಇವನು ಎತ್ತಿ, ಬಿಡಿಸಿ, ಬೆಳಕಿಗೆ ಹಿಡಿದು ಓದುತ್ತಿದ್ದ. ಎಣ್ಣೆ ಹೀರಿದ ಕಾಗದ ಗೊತ್ತಲ್ಲ, ಆ ಮಗ್ಗುಲಿನದು ಈ ಮಗ್ಗುಲಿಗೆ ಕಾಣುತ್ತದೆ. ಈ ಪುಟದಲ್ಲಿ ರಾಜ ಯುದ್ಧಕ್ಕೆ ಹೊರಟಿದ್ದರೆ, ಹಿಂದಿನ ಪುಟದ ಸೋಪಿನ ಜಾಹೀರಾತಿನ ಬಕೆಟ್ಟು ರಾಜನ ತಲೆಯ ಮೇಲೆ! ಚಿತ್ರಕಥೆ ಎಂದರೆ ಹೀಗೇ ಇರುತ್ತದೆ ಎಂದು ನನ್ನ ತಮ್ಮ ನಂಬಿಬಿಟ್ಟ. ಅವನು ಬರೆದ ಮೊದಲ ರಾಜ ಬಕೆಟ್ಟು ಹೊತ್ತುಕೊಂಡೇ ದಂಡೆತ್ತಿ ಹೋದ.

"ಏನಲೇ ಇದು?" ಎಂದೆ.

"ರಾಜ."

"ತಲಿ ಮ್ಯಾಲಿಂದು?"

"ಬಕೀಟು."

"ರಾಜಗ ಬಕೀಟು ಯಾಕಲೇ?"

"ಅದು ಹಿಂದಿನ ಪುಟದ್ದು ಯಕ್ಕಾ. ಪಾಪ, ಅವಗ ಗೊತ್ತಿಲ್ಲ!"

ಹೇಳಿ, ನನ್ನ ಮುಖವನ್ನೇ ನೋಡುತ್ತ ನಿಂತ. ನಾನು ಹುಬ್ಬು ಗಂಟಿಕ್ಕಿ, "ಹೋಗಿ ಪ್ಲೇಟ್ ತೊಳಿ, ಹೋಗು" ಎಂದೆ.

ಇವತ್ತಿಗೂ ಅವನು ದುಬಾರಿ ಕಾಗದ ತರಿಸಿ, ನನ್ನ ಬಾಣಲೆಯಿಂದ ಒಂದು ಬೆರಳು ಎಣ್ಣೆ ಸವರಿ, ಒಣಗಿಸಿ, ಎರಡೂ ಮಗ್ಗುಲಿಗೆ ಬರೆಯುತ್ತಾನೆ. ಅವನ ಪುಸ್ತಕ ಅಚ್ಚು ಹಾಕಿಸುವವರು ಒಮ್ಮೆ ಅಂಗಡಿಗೇ ಬಂದು, "ಈ ಶೈಲಿ ಯಾವ ದೇಶದ ಕಲಾವಿದರದು? ಯಾರ ಪ್ರಭಾವ?" ಎಂದು ಬಹಳ ಗಂಭೀರವಾಗಿ ಕೇಳಿದರು. ತಮ್ಮ ಬಾಣಲೆ ತೋರಿಸಿದ. ಅವರು ಒಂದು ಪ್ಲೇಟ್ ತಿಂದು, ಇನ್ನೊಂದು ಕಟ್ಟಿಸಿಕೊಂಡು ಹೋದರು. ಕಟ್ಟಿದ ಕಾಗದವನ್ನು ಎಸೆಯಲಿಲ್ಲವಂತೆ!

ಎಣ್ಣೆಯ ನಂತರದ ಗುರು ಪೇಂಟರ್ ಮಾಮ. ಟ್ರ್ಯಾಕ್ಟರ್ ಟ್ರೈಲರುಗಳಿಗೆ ಬಣ್ಣ ಹೊಡೆದು ಹೂವು, ನವಿಲು, ಸಿಂಹ ಬರೆಯುವವನು. ಸಿಂಹವನ್ನು ಕಣ್ಣಾರೆ ಕಂಡವನಲ್ಲವಾದ್ದರಿಂದ ಅವನ ಸಿಂಹಗಳಿಗೆ ಕಾಡಿಗೆ ಹಚ್ಚಿದ ಕಣ್ಣು, ಬೈತಲೆ ತೆಗೆದ ಕೇಸರ. ಬೇಸಿಗೆ ರಜೆಯಲ್ಲಿ ಇವನು ಅಲ್ಲಿ ಬ್ರಷ್ ತೊಳೆಯಲು ಹೋದ. ಮಾಮನ ಪಾಠ ಒಂದೇ:

"ನಿಂತ ಗಾಡಿ ಯಾವನೂ ನೋಡಂಗಿಲ್ಲಲೇ. ಓಡೂವಾಗ ಹಿಂದ ಬರೋ ಬೈಕಿನವ ನೋಡ್ತಾನ. ಅವಗ ಕಾಣಬೇಕು. ಗೆರಿ ದಪ್ಪ ಹೊಡಿ!"

ಇವನ ಪುಸ್ತಕದ ಮನುಷ್ಯರ ಸುತ್ತ ಅಷ್ಟು ದಪ್ಪ ಗೆರೆ ಯಾಕೆ ಎಂದು ಕೇಳುವವರಿಗೆ ಈಗ ಗೊತ್ತಾಯಿತಲ್ಲ? ನಮ್ಮವನು ಇನ್ನೂ ಬೈಕಿನವನಿಗಾಗಿಯೇ ಬರೆಯುತ್ತಿದ್ದಾನೆ.

ಒಂದು ದಿನ ಮಾಮ, ಇಟ್ಟಿಗಿ ಊರಿನ ಯಜಮಾನರೊಬ್ಬರ ಹೊಸ ಟ್ರೈಲರಿನ ಹಿಂದೆ ದೃಷ್ಟಿ ತಾಗದಂತೆ ಒಂದು ರಾಕ್ಷಸನ ಮುಖ ಬರೆ ಎಂದು ಬ್ರಷ್ಷನ್ನು ಇವನ ಕೈಗೇ ಕೊಟ್ಟ. ಬರೆದ. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು, "ನನಗ ಅಂಜಿಕಿ ಬರ್ತೈತಿ, ಇನ್ನ ದೃಷ್ಟಿ ಎಲ್ಲಿ ತಾಗತೈತಿ!" ಎಂದು ಖುಷಿಯಿಂದ ಗಾಡಿ ಹೊಡೆದುಕೊಂಡು ಹೋದರು. ಅವರದನ್ನು ನೋಡಿ ಉಳಿದವರೂ ಬಂದರು. "ಬ್ಯಾರೆ ಬ್ಯಾಡ, ಅದ ಮುಖಾ ಬೇಕು." ಹಡಗಲಿಯಿಂದ ಕೂಡ್ಲಿಗಿಯವರೆಗೆ ಆ ಮುಖ ಓಡಾಡಿತು.

ನನಗೆ ತಿಳಿದದ್ದು ಒಬ್ಬ ಗಿರಾಕಿಯಿಂದ. ಮಿರ್ಚಿ ಕಡಿಯುತ್ತ ನನ್ನನ್ನೇ ನೋಡುತ್ತಿದ್ದ.

"ಯಕ್ಕಾ, ನಿಮ್ಮನ್ನ ಎಲ್ಲೋ ನೋಡೀನಲ್ರಿ?"

"ಇಲ್ಲೇ ನೋಡಿರ್ತೀ."

"ಇಲ್ಲಿ ಅಲ್ರಿ, ರೋಡಿನ್ಯಾಗ. ನೀವು ಮುಂದ, ನಾ ಹಿಂದ."

ಅಷ್ಟರಲ್ಲಿ ಅಂಗಡಿಯ ಮುಂದೆಯೇ ಒಂದು ಟ್ರ್ಯಾಕ್ಟರ್ ಹಾದುಹೋಯಿತು. ಅದರ ಟ್ರೈಲರಿನ ಹಿಂದೆ ಗಂಟಿಕ್ಕಿದ ಹುಬ್ಬು, ಬಿಗಿದ ತುಟಿ, ಬಲಗೆನ್ನೆಯ ಮೇಲೆ ನನ್ನದೇ ನರುಲಿ! ಕೋರೆಹಲ್ಲು ಮಾತ್ರ ಅವನ ಸ್ವಂತದ್ದು. ಗಿರಾಕಿ ಅದನ್ನು ನೋಡಿದ, ನನ್ನನ್ನು ನೋಡಿದ. ಎರಡನೇ ಸಲ ಚಟ್ನಿ ಕೇಳಲಿಲ್ಲ, ಎದ್ದು ಹೋದ.

ಜಾಲರಿ ಸೌಟು ಹಿಡಿದೇ ತಮ್ಮನನ್ನು ಅಡ್ಡಗಟ್ಟಿದೆ. "ರಾಕ್ಷಸಗ ನನ್ನ ಮುಖಾ ಯಾಕ ಇಟ್ಟಿ?"

"ಸಿಟ್ಟಿನ ಮುಖಾ ಬೇಕಂದ್ರು ಯಕ್ಕಾ. ನನಗ ಬಾಯಿಪಾಠ ಬರೋದು ಅದೊಂದ."

ಆಮೇಲಿನ ಪಾಠ ಬಾಗಳಿಯಲ್ಲಿ. ನಮ್ಮ ಸಣ್ಣಮ್ಮನನ್ನು ಕೊಟ್ಟ ಊರು. ಅಲ್ಲಿಯ ಕಲ್ಲೇಶ್ವರನಿಗೆ ನಾವು ಕಾಯಿ ಒಡೆಸಿ ಬರುವಷ್ಟರಲ್ಲಿ ಇವನು ಗುಡಿಯ ಗೋಡೆಯ ಶಿಲ್ಪಗಳ ಮುಂದೆ ಕೂತುಬಿಟ್ಟ. ಊಟಕ್ಕೆ ಕರೆದರೂ ಏಳಲಿಲ್ಲ. ಊರಿಗೆ ಬಂದ ಮೇಲೆ ನೋಡುತ್ತೇನೆ, ಅವನ ಚಿತ್ರದವರಿಗೆ ಯಾರಿಗೂ ಮೂಗೇ ಇಲ್ಲ! ರಾಜನಿಗಿಲ್ಲ, ರಾಣಿಗಿಲ್ಲ, ಕುದುರೆಗೂ ಇಲ್ಲ.

"ಮೂಗು ಎಲ್ಲಿಗಿ ಹೋತಲೇ?"

"ಗುಡ್ಯಾಗ ಎಷ್ಟು ಮಂದಿಗೆ ಮುರದೈತಿ, ನೋಡಿಲ್ಲೇನು? ಆದ್ರೂ ಎಷ್ಟು ಚಂದ ನಿಂತಾರ!"

"ಅವು ಕಲ್ಲು, ಉಸಿರಾಡಂಗಿಲ್ಲ. ನಿನ್ನವು ಮಾತಾಡ್ತಾವಲ್ಲ, ಉಸಿರು ಎಲ್ಲಿಂದ ತಗೋತಾವ?"

ಈ ಪ್ರಶ್ನೆ ಅವನಿಗೆ ಹೊಳೆದಿರಲಿಲ್ಲ. ಅನ್ನ ಬಿಟ್ಟವನಂತೆ ಯೋಚಿಸಿ, ಕೊನೆಗೆ ಮೂಗಿನ ಜಾಗದಲ್ಲಿ ಒಂದು ಚುಕ್ಕೆ ಇಟ್ಟ. ಇವತ್ತಿಗೂ ಅವನ ಜನಕ್ಕೆಲ್ಲ ಚುಕ್ಕೆಮೂಗು. ಅವನ ಕಲೆಗೆ ನಾನು ಕೊಟ್ಟದ್ದು ಆ ಚುಕ್ಕೆ ಒಂದೇ ಎಂದು ಬಹಳ ದಿನ ನಂಬಿದ್ದೆ.

ಇದನ್ನೆಲ್ಲ ನೋಡಿಯೂ ನಿನಗೆ ನಗು ಬರಲಿಲ್ಲವೇನೇ ಎಂದು ನೀವು ಕೇಳಬೇಕು. ಯಾಕೆ ಬರುವುದಿಲ್ಲ! ಬಕೆಟ್ಟಿನ ರಾಜನನ್ನು ನೋಡಿದ ದಿನ ಹಿಟ್ಟು ಕಲಸುವ ನೆಪದಲ್ಲಿ ತಿರುಗಿ ನಿಂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆ. ಮೆಣಸಿನಕಾಯಿ ಸೀಳಿದ ಕೈ ಕಣ್ಣಿಗೆ ತಾಗಿ ಅತ್ತೂ ಇದ್ದೆ. ಎದುರಿಗೆ ನಕ್ಕರೆ ಇವನು ಪುಸ್ತಕ ಎಸೆದು ಚಿತ್ರ ಬರೆಯುತ್ತ ಕೂರುತ್ತಾನೆ, ಶಾಲೆ ಕೆಡುತ್ತದೆ ಎಂಬ ಹೆದರಿಕೆ. ಅದು ಜನಕ್ಕೆ ಹೇಳುವ ಕಾರಣ. ಇನ್ನೊಂದಿದೆ, ಹೇಳಲು ನಾಚಿಕೆಯಾಗುತ್ತದೆ. ನನ್ನ ಶಾಲೆಯನ್ನು ಇವನಿಗಾಗಿ ಬಿಟ್ಟಾಗಿದೆ, ಮೇಲೆ ನಗುವನ್ನೂ ಕೊಡಬೇಕೇ ಎಂಬ ಸಣ್ಣ ಹಟ. ಅವನ ಓದು ಮುಗಿಯಿತು, ಹೆದರಿಕೆಯೂ ಮುಗಿಯಿತು. ಮುಖ ಮಾತ್ರ ಹಾಗೇ ಉಳಿಯಿತು.

ಹೊಸ ಪುಸ್ತಕ ಬಂದಾಗಲೆಲ್ಲ ಮೊದಲ ಪ್ರತಿ ಅಂಗಡಿಗೆ ತರುತ್ತಾನೆ. ನಾನು ಹಾಳೆ ತಿರುವುವಾಗ ಎದುರಿಗೆ ಕೈಕಟ್ಟಿ ನಿಂತು, ಪುಸ್ತಕವನ್ನಲ್ಲ, ನನ್ನ ಮುಖವನ್ನು ನೋಡುತ್ತಾನೆ.

"ಹ್ಯಾಂಗೈತಿ?"

"ಐತಿ."

ಇಷ್ಟೇ ನನ್ನ ವಿಮರ್ಶೆ. ಅವನು ಸೈಕಲ್ ಹತ್ತಿ ಹೋಗುತ್ತಾನೆ.

ಮೊನ್ನೆ ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನವರು ಇವನನ್ನು ಮಾತಾಡಲು ಕರೆದಿದ್ದರು. "ನೀನೂ ಬಾ ಯಕ್ಕಾ" ಎಂದ. ಅಂಗಡಿ ಮುಚ್ಚಿ, ಟ್ರಂಕಿನ ಸೀರೆ ಉಟ್ಟು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಎಣ್ಣೆ ಕಾಗದ, ಪೇಂಟರ್ ಮಾಮ, ಮೂಗಿಲ್ಲದ ಶಿಲ್ಪ, ಎಲ್ಲವನ್ನೂ ಚೆನ್ನಾಗಿಯೇ ಹೇಳಿದ. ಮಕ್ಕಳು ಬಿದ್ದು ಬಿದ್ದು ನಕ್ಕರು. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ನಿಮ್ಮ ಪುಸ್ತಕ ಓದೋರು ನಗ್ತಾರ್ರಿ. ಪುಸ್ತಕದಾಗಿನೋರು ಒಬ್ಬರೂ ನಗಂಗಿಲ್ಲ. ಎಲ್ಲಾರೂ ಸಿಟ್ಟು ಮಾಡ್ಕೊಂಡ ಇರ್ತಾರ. ಅದು ನಿಮ್ಮ ಸ್ಟೈಲ್ ಏನ್ರಿ?"

ತಮ್ಮ ತಲೆ ಕೆರೆದುಕೊಂಡ. "ಸ್ಟೈಲ್ ಅಲ್ಲವ್ವಾ, ನನಗ ನಗೋ ಮುಖಾ ಬರಿಯಾಕ ಬರಂಗಿಲ್ಲ. ಯಾರನ್ನ ನೋಡಿ ಮುಖಾ ಬರಿಯೋದು ಕಲಿತೆನೋ, ಅವರು ನಕ್ಕಿದ್ದು ನಾ ಇನ್ನೂ ನೋಡಿಲ್ಲ. ಪ್ರತಿ ಪುಸ್ತಕಾನೂ ಈ ಸಲ ನಗಬೌದು ಅಂತ ಮಾಡ್ತೀನಿ."

ಎಲ್ಲರೂ ಮತ್ತೆ ನಕ್ಕರು. ನಾನು ರೂಢಿಯಂತೆ ಹುಬ್ಬು ಗಂಟಿಕ್ಕಿಕೊಂಡು ನನ್ನ ಚಪ್ಪಲಿ ನೋಡಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೊಸ ಪುಸ್ತಕ ಕೈಗಿಟ್ಟ. ತೆರೆದೆ. ಅದೇ ಬಕೆಟ್ಟಿನ ರಾಜ! ಈಗ ಮುದುಕನಾಗಿದ್ದಾನೆ. ಕುದುರೆಯನ್ನು ಒಂದು ಮಿರ್ಚಿ ಅಂಗಡಿಗೆ ಕಟ್ಟಿ, ಗಂಟುಹುಬ್ಬಿನ, ಚುಕ್ಕೆಮೂಗಿನ ಹೆಂಗಸನ್ನು ಕೇಳುತ್ತಾನೆ: "ಯವ್ವಾ, ನನ್ನ ತಲಿ ಮ್ಯಾಲೆ ಏನಾರ ಐತೇನು?" ಅವಳು ಸೌಟು ಬೀಸಿ ಹೇಳುತ್ತಾಳೆ: "ಹಿಂದಿನ ಪುಟಕ್ಕ ಹೋಗಿ ಕೇಳು!"

ಹಾಳೆಯ ಆಚೆಯಿಂದ ಇನ್ನೇನೋ ಮಸುಕಾಗಿ ಕಾಣುತ್ತಿತ್ತು. ತಿರುವಿದೆ. ಅದೇ ಅಂಗಡಿ, ಅದೇ ಹೆಂಗಸು, ಹಿಂದಿನಿಂದ. ರಾಜನಿಗೆ ಬೆನ್ನು ಮಾಡಿ, ಬಗ್ಗಿ, ಸೆರಗು ಬಾಯಿಗೆ ತುರುಕಿಕೊಂಡಿದ್ದಾಳೆ. ಭುಜಗಳು ಕುಲುಕುತ್ತಿವೆ ಎಂದು ತೋರಿಸಲು ಎರಡೂ ಕಡೆ ಸಣ್ಣ ಸಣ್ಣ ಗೆರೆ ಎಳೆದಿದ್ದಾನೆ.

"ನಿನಗ ಗೊತ್ತಿತ್ತೇನಲೇ?" ಎಂದೆ.

"ಬೆನ್ನು ಎಷ್ಟೋ ಸಲ ನೋಡೀನಿ ಯಕ್ಕಾ" ಎಂದ. "ಮುಖಾ ಒಂದು ಸಿಗಲಿಲ್ಲ."

ನಗು ಬಂತು. ತಿರುಗಿಕೊಳ್ಳೋಣವೆಂದರೆ ಈ ಕಡೆ ಕಿಟಕಿ, ಆ ಕಡೆ ಅವನು. ಸೆರಗಿಗೆ ಕೈ ಹಾಕಿದರೆ ಅದು ಅವನ ಚೀಲದ ಕೆಳಗೆ ಸಿಕ್ಕಿಕೊಂಡಿದೆ! ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ತಮ್ಮ ಬಾಯಿ ತೆರೆದು ನನ್ನನ್ನೇ ನೋಡುತ್ತ, ಜೇಬೆಲ್ಲ ತಡಕಾಡಿ ಪೆನ್ಸಿಲ್ ತೆಗೆದ. ಬಸ್ಸು ರಸ್ತೆಯ ಹಂಪು ಹಾರಿತು, ಪೆನ್ಸಿಲ್ ಎಲ್ಲೋ ಬಿತ್ತು. ಅವನು ಬಗ್ಗಿ ಹುಡುಕಲು ಹೋದ. ನಾನು ಭುಜ ಹಿಡಿದು ಮೇಲೆತ್ತಿದೆ.

"ಪೆನ್ಸಿಲ್ ಬಿಡು, ಮೊದಲು ನೋಡು. ಎದುರಿಗಿ ನಗಬೇಕಿತ್ತು ನಾನು. ಬೇಕಂತ ನಗಲಿಲ್ಲ. ತಪ್ಪಾತಲೇ ತಮ್ಮಾ."