ಅಕ್ಕೋರನ್ನು ಹೊಗಳಿ ಕೆಟ್ಟದ್ದು

ಆಗ ನನಗೆ ಅರವತ್ತೆಂಟು ವರ್ಷ. ಈ ಮಾತಿಗೆ ಈಗ ಮೂರು ವರ್ಷವಾಯಿತು. ವಯಸ್ಸಾದಂತೆ ಮನುಷ್ಯರ ಸಿಟ್ಟು ಇಳಿಯುತ್ತದೆ ಎಂದು ಹೇಳುವವರಿದ್ದಾರೆ. ಹೇಳುವವರಿಗೆ ಇನ್ನೂ ವಯಸ್ಸಾಗಿರಲಿಕ್ಕಿಲ್ಲ. ನನಗೆ ಇಳಿದದ್ದು ಕಣ್ಣು, ಹಲ್ಲು ಮತ್ತು ಮೊಣಕಾಲಿನ ಬಲ. ಸಿಟ್ಟು ಇದ್ದ ಹಾಗೇ ಇದೆ. ಮೊದಲು ಅದನ್ನು ಗಂಡ, ಅತ್ತೆ, ಐಸ್ ಫ್ಯಾಕ್ಟರಿಯವನು ಎಂದು ಮೂರು ಕಡೆ ಹಂಚಬಹುದಿತ್ತು. ಅವರೆಲ್ಲ ಒಬ್ಬೊಬ್ಬರಾಗಿ ಹೋದರು, ಈಗ ಅಷ್ಟೂ ಒಂದೇ ಕಡೆ ಬೀಳುತ್ತದೆ. ಮೂರು ವರ್ಷದಿಂದ ಅದು ಬೀಳುತ್ತಿರುವುದು ಒಂದು ಪ್ರತಿಷ್ಠಾನದ ಮೇಲೆ. ಪ್ರತಿಷ್ಠಾನ ಎಂದು ಬರೆಯುವುದಕ್ಕೇ ಮೊಮ್ಮಗಳನ್ನು ಎರಡು ಸಲ ಕೂಗಬೇಕಾಯಿತು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕಾಗುಣಿತ ತಪ್ಪಿದ್ದರೆ ಸರಿಮಾಡಿಕೊಂಡು ಓದಿ, ನನಗೆ ಹೇಳಲು ಬರಬೇಡಿ.

ಪ್ರತಿಷ್ಠಾನ ಎಂದರೆ ಏನೆಂದು ಆಗ ನನಗೂ ಗೊತ್ತಿರಲಿಲ್ಲ. ನಮ್ಮ ಕಡೆಯವರೇ, ಎಲ್ಲೆಲ್ಲೋ ಹೋಗಿ ನಾಲ್ಕು ಕಾಸು ಮಾಡಿಕೊಂಡವರು, ತೀರಿಹೋದ ಅಪ್ಪನ ಹೆಸರಿನಲ್ಲಿ ಒಂದು ಕೂಟ ಕಟ್ಟುತ್ತಾರೆ. ಸರಕಾರಿ ಶಾಲೆಯ ಮಾಸ್ತರರಿಗೆ, ಅಕ್ಕೋರಿಗೆ, ಊರಿನ ಯುವಕ ಸಂಘಗಳಿಗೆ ಸಹಾಯ ಕೊಡುತ್ತಾರೆ. ಭಟ್ಕಳದಲ್ಲಿ ಒಂದಿದ್ದರೆ ಕುಮಟಾದಲ್ಲಿ ಎರಡು. ಕೊಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಬದುಕಿದ್ದಾಗ ಅಪ್ಪನಿಗೆ ಒಂದು ಲೋಟ ಚಾ ಕೊಡದವರೂ ಸತ್ತ ಮೇಲೆ ಅವನ ಹೆಸರಿನಲ್ಲಿ ಶಾಲೆಗೆ ಫ್ಯಾನು ಕೊಟ್ಟರೆ ಮಕ್ಕಳಿಗೆ ಗಾಳಿ ಬರುತ್ತದೆ, ಒಳ್ಳೆಯದೇ. ಆದರೆ ಕೊಡುವ ಕೈಗೆ ಒಂದು ಕ್ಯಾಮೆರಾ ಅಂಟಿಕೊಂಡೇ ಬರುತ್ತದಲ್ಲ, ನನ್ನ ತಕರಾರು ಅದರ ಮೇಲೆ.

ನಮ್ಮದು ಹೊನ್ನಾವರದ ಅಳಿವೆಯ ಹತ್ತಿರದ ಮೀನುಗಾರರ ಕೇರಿ. ಅಲ್ಲಿ ಐದನೇ ಕ್ಲಾಸಿನವರೆಗೆ ಒಂದು ಸರಕಾರಿ ಶಾಲೆ. ಒಬ್ಬರು ಹೆಡ್ ಮಾಸ್ತರು, ಒಬ್ಬರು ಅಕ್ಕೋರು; ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಹಾಗೇ ಕರೆಯುವುದು. ಹೆಡ್ ಮಾಸ್ತರು ಕೆಟ್ಟವರಲ್ಲ. ಆದರೆ ಅವರು ಅರ್ಧ ದಿನ ಮಕ್ಕಳ ಮೊಟ್ಟೆ, ಬಾಳೆಹಣ್ಣು ಎಣಿಸುತ್ತಾರೆ, ಉಳಿದರ್ಧ ದಿನ ಎಣಿಸಿದ್ದನ್ನು ಮೊಬೈಲಿನಲ್ಲಿ ಮೇಲಿನವರಿಗೆ ಕಳಿಸುತ್ತಾರೆ. ಹಾಗಾಗಿ ಪಾಠ ಅಂತ ನಡೆಯುತ್ತಿದ್ದರೆ ಅದು ಅಕ್ಕೋರಿಂದ. ಅವರು ಗೇರುಸೊಪ್ಪದ ಕಡೆಯವರು. ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಬಂದ ಹೊಸದರಲ್ಲಿ ಅವರ ಮುಖ ನೋಡಿ ಇವರು ಒಂದು ಮಳೆಗಾಲವೂ ನಿಲ್ಲುವುದಿಲ್ಲ ಎಂದು ನಾನೇ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ನಮ್ಮ ಕೇರಿಯ ಅರ್ಧ ಮಕ್ಕಳಿಗೆ ಮನೆಯಲ್ಲಿ ಕೊಂಕಣಿ. ಪುಸ್ತಕದ ಕನ್ನಡ ಕಂಡರೆ ಬಾಯಿ ಹೊಲಿದುಕೊಂಡು ಕೂರುತ್ತಿದ್ದವು. ನನ್ನ ಮಗಳ ಮಗಳು ಸುಮಾಗೆ ಕನ್ನಡ ಬರುತ್ತಿತ್ತು, ಶಾಲೆ ಬರುತ್ತಿರಲಿಲ್ಲ. ಗೇಟಿನ ತನಕ ಕರೆದುಕೊಂಡು ಹೋದರೆ ಅಲ್ಲೇ ವಾಂತಿ ಮಾಡುತ್ತಿದ್ದಳು. ನಾನು ದೆವ್ವ ಎಂದೆ, ಅವಳ ತಾಯಿ ಹೊಟ್ಟೆಹುಳ ಎಂದಳು, ಎರಡಕ್ಕೂ ಔಷಧಿ ಮಾಡಿದೆವು. ಅಕ್ಕೋರು ಒಂದು ದಿನ ಚಾಕ್‌ಪೀಸ್ ಕೆಳಗಿಟ್ಟು ಮಕ್ಕಳನ್ನೆಲ್ಲ ದಡಕ್ಕೆ ಕರೆದುಕೊಂಡು ಹೋದರು. ಮೇಲೆಳೆದಿಟ್ಟ ದೋಣಿಗಳ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿರುತ್ತದಲ್ಲ, ಅದನ್ನು ತೋರಿಸಿ ಇದು ಯಾರ ದೋಣಿ ಎಂದು ಕೇಳಿದರು. ಯಾವ ದೋಣಿ ಯಾರದ್ದು, ಅದರ ಹೆಸರೇನು ಎಂದು ಹೊಟ್ಟೆಯಲ್ಲಿದ್ದಾಗಲೇ ಕಲಿತ ಮಕ್ಕಳು ಅವು. ಹೆಸರು ಬಾಯಲ್ಲಿ ಮೊದಲೇ ಇತ್ತು, ಅಕ್ಷರ ಆಮೇಲೆ ಬಂದು ಅದರ ಪಕ್ಕ ಕೂತಿತು. ಮೂರು ತಿಂಗಳಾಗುವಾಗ ಸುಮಾ ದಡದ ಅಷ್ಟೂ ದೋಣಿ ಓದಿ ಮುಗಿಸಿ, ನನ್ನ ಮಾತ್ರೆಯ ಡಬ್ಬಿ, ಕರೆಂಟು ಬಿಲ್ಲು, ಪಕ್ಕದ ಮನೆಯವರ ಮದುವೆ ಕಾಗದ ಎಲ್ಲ ಓದತೊಡಗಿದಳು. ಮನೆಯಲ್ಲಿ ಇದ್ದ ನೆಮ್ಮದಿ ಹೋಯಿತು. ಆದರೆ ವಾಂತಿ ನಿಂತಿತು.

ಓದಲು ದೋಣಿ ಮುಗಿದವು, ಅದೇ ಸಮಸ್ಯೆ. ಶಾಲೆಯಲ್ಲಿದ್ದ ಕಥೆ ಪುಸ್ತಕಗಳನ್ನು ಉಪ್ಪುಗಾಳಿ ಮತ್ತು ಗೆದ್ದಲು ಸೇರಿ ಓದಿ ಮುಗಿಸಿದ್ದವು. ಅಕ್ಕೋರಿಗೆ ಬೇಕಾಗಿದ್ದದ್ದು ತುಕ್ಕು ಹಿಡಿಯದ ಒಂದು ಕಪಾಟು, ಅದರ ತುಂಬ ಪುಸ್ತಕ, ಇಷ್ಟೇ. ಸಂಜೆ ಹೊತ್ತು ಮಕ್ಕಳನ್ನು ಕೂರಿಸಿ ಓದಿಸುತ್ತೇವೆ ಎಂದು ಯುವಕ ಸಂಘದವರೂ ಮುಂದೆ ಬಂದರು. ಅವರಿಗೆ ಬೇಕಾಗಿದ್ದದ್ದು ಎರಡು ಚಾಪೆ, ಎರಡು ಟ್ಯೂಬ್‌ಲೈಟು. ಹೆಡ್ ಮಾಸ್ತರು ಪ್ರತಿಷ್ಠಾನಕ್ಕೆ ಬರೆದು ಹಾಕಿದರು.

ಪ್ರತಿಷ್ಠಾನದವರು ಶಾಲೆ ನೋಡಲು ಬಂದ ದಿನ ನಾನು ಬಂಗಡೆ ಮಾರಿ ವಾಪಸು ಬರುತ್ತಿದ್ದೆ. ಹೆಡ್ ಮಾಸ್ತರು ಗೇಟಿಗೇ ಓಡಿಬಂದು, ತಾಯಂದಿರು ಯಾರೂ ಬಾಯಿ ಬಿಡುತ್ತಿಲ್ಲ, ನೀವೊಂದು ಬಂದು ಕೂತುಕೊಳ್ಳಿ ಎಂದು ಕೈ ಮುಗಿದರು. ಬುಟ್ಟಿ ಹೊರಗಿಟ್ಟು ಒಳಗೆ ಹೋದೆ. ಬಿಳಿ ಪ್ಯಾಂಟಿನ ಅಧ್ಯಕ್ಷರು ಕೂತಿದ್ದರು. ಅವರ ಜೊತೆ ಬಂದ ಹುಡುಗಿಯೊಬ್ಬಳು ಮೊಬೈಲನ್ನು ಮುಖಕ್ಕೆ ಹಿಡಿದುಕೊಂಡೇ ಓಡಾಡುತ್ತಿದ್ದಳು. ಅಕ್ಕೋರು ಹೇಗೆ ಕಲಿಸುತ್ತಾರೆ ಅಮ್ಮ ಎಂದು ಅಧ್ಯಕ್ಷರು ನನ್ನನ್ನು ಕೇಳಿದರು.

ನಾನು ಐವತ್ತು ವರ್ಷ ಮೀನು ಮಾರಿದವಳು. ಎದುರಿಗೆ ಇಸ್ತ್ರಿ ಬಟ್ಟೆ ಹಾಕಿದವರು ಬಂದು ಇದು ಹೇಗಿದೆ ಎಂದು ಕೇಳಿದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ನಿನ್ನೆಯ ಅಗ್ಗದ ತಾರ್ಲೆ ಮೀನನ್ನೂ ದುಬಾರಿ ಇಸವಾಣದ ತಂಗಿ ಎಂದು ಹೇಳಿ ಮಾರಿದ್ದೇನೆ. ಇದಂತೂ ನಿಜವಾಗಿ ಒಳ್ಳೆಯ ಮಾಲು. ಕಪಾಟು ಬಿಟ್ಟು ಇವರನ್ನು ಹೋಗಲು ಬಿಡಬಾರದು ಎಂದುಕೊಂಡು ಶುರುಮಾಡಿದೆ.

"ಇಂಥಾ ಅಕ್ಕೋರು ಹೊನ್ನಾವರದಿಂದ ಭಟ್ಕಳದ ತಂಕ ಹುಡ್ಕಿದ್ರೂ ಸಿಕ್ಕೂದಿಲ್ಲ ನಿಮ್ಗೆ. ಮಾತಾಡ್ದಿದ್ದ ಮಕ್ಳ ಹತ್ರ ಮಾತಾಡ್ಸಿದ್ರು. ಅವ್ರ ಹತ್ರ ಕಲ್ತ್ರೆ ಕಲ್ಲೂ ಓದ್ತದೆ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮಾಸ್ತರುಗಳೆಲ್ಲ ಇವರ ಕಾಲ ಬುಡದಲ್ಲಿ ಕೂತು ಕಲಿಯಬೇಕು ಎಂದೂ ಸೇರಿಸಿದೆ. ಪಕ್ಕದಲ್ಲಿದ್ದ ಹೆಡ್ ಮಾಸ್ತರು ತಮ್ಮ ಕಾಲು ನೋಡಿಕೊಂಡರು.

ಕಪಾಟು ಬಂತು. ಅದು ಬಂದ ದಿನದ ಕಥೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕೊಡುವವರು ಹತ್ತಕ್ಕೆ ಬರುತ್ತೇವೆಂದು ಹೇಳಿ ಹನ್ನೊಂದೂವರೆಗೆ ಬಂದರು. ಅಲ್ಲಿಯತನಕ ಮಕ್ಕಳು ಹೂ ಹಿಡಿದುಕೊಂಡು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು. ಸಹಾಯ ಕೊಡಲು ಬಂದವರಿಗೆ ನಾವು ಶಾಲು ಹೊದಿಸಬೇಕು, ಹಣ್ಣಿನ ಬುಟ್ಟಿ ಕೊಡಬೇಕು, ಅವರು ಅಕ್ಕೋರಿಗೆ ಅದೇ ಅಂಗಡಿಯ ಅಂಥದ್ದೇ ಶಾಲು ಹೊದಿಸಬೇಕು. ಸೆಕೆಗೆ ಎಲ್ಲರ ಬೆನ್ನಿನಲ್ಲೂ ನೀರು ಹರಿಯುತ್ತಿತ್ತು. ಆಮೇಲೆ ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕು ಬಂತು. ಅದರ ಹಿಂದೆ ಎರಡನೇ ಕ್ಲಾಸು ಪೂರ್ತಿ ಮುಚ್ಚಿಹೋಯಿತು. ಅಧ್ಯಕ್ಷರು ತಮ್ಮ ಅಪ್ಪ ಬೀದಿ ದೀಪದಲ್ಲಿ ಓದಿದ್ದನ್ನು ಹೇಳಿದರು, ಬಿಸಿಯೂಟದ ಅನ್ನ ತಣ್ಣಗಾಗುವ ತನಕ ಹೇಳಿದರು. ಕಪಾಟಿಗೆ ಗಾಜಿನ ಬಾಗಿಲು, ಚೆನ್ನಾಗಿಯೇ ಇತ್ತು. ಆದರೆ ಒಂದು ಪೂರ್ತಿ ಗಾಜಿಗೆ ಆ ಅಪ್ಪನ ಫೋಟೊ ಅಂಟಿಸಿದ್ದರಿಂದ ಒಳಗಿನ ಪುಸ್ತಕ ಕಾಣುತ್ತಿರಲಿಲ್ಲ. ಎಷ್ಟೋ ದಿನ ಸಣ್ಣ ಮಕ್ಕಳು ಕಪಾಟಿಗೆ ಕೈ ಮುಗಿದು ಹೋಗುತ್ತಿದ್ದವು. ಯುವಕ ಸಂಘಕ್ಕೆ ಚಾಪೆಯ ಬದಲು ಪ್ರತಿಷ್ಠಾನದ ಹೆಸರು ಬರೆದ ಅಂಗಿ ಸಿಕ್ಕಿದವು. ಹುಡುಗರು ಅದನ್ನು ಹಾಕಿಕೊಂಡು ಬರಿ ನೆಲದ ಮೇಲೆ ಕೂತು ಪಾಠ ಹೇಳಿದರು. ಇದನ್ನೆಲ್ಲ ನಾನು ನುಂಗಿಕೊಂಡೆ. ಪುಸ್ತಕ ಬಂತಲ್ಲ, ಆತು.

ನುಂಗಲಾಗದ್ದು ಬಂದದ್ದು ಆಮೇಲೆ, ದಸರಾ ರಜೆ ಮುಗಿದ ಮೇಲೆ. ಶಾಲೆಯ ಮುಂದೆ ಹೋಗುತ್ತಿದ್ದವಳನ್ನು ಅಕ್ಕೋರೇ ಕರೆದರು. ತಮಗೆ ಆರ್ಡರ್ ಬಂದಿದೆ, ಕುಮಟಾದಲ್ಲಿ ಕೂತು ಬೇರೆ ಶಾಲೆಗಳ ಮಾಸ್ತರುಗಳಿಗೆ, ಅಕ್ಕೋರುಗಳಿಗೆ ತರಬೇತಿ ಕೊಡಬೇಕಂತೆ, ಸೋಮವಾರದಿಂದಲೇ ಎಂದರು. ಒಲ್ಲೆ ಎಂದು ಹೇಳಿ ನೋಡಿದರಂತೆ. ಇದು ಗೌರವ, ಒಲ್ಲೆ ಅನ್ನುವ ಹಾಗಿಲ್ಲ ಎಂದು ಮೇಲಿನವರು ಹೇಳಿದರಂತೆ. ಪ್ರತಿಷ್ಠಾನದ ಹುಡುಗಿ ತೆಗೆದ ವಿಡಿಯೊ ಎಲ್ಲರ ಮೊಬೈಲಿಗೂ ಹೋಗಿ, ಕೊನೆಗೆ ಕುಮಟಾದ ಶಿಕ್ಷಣ ಆಫೀಸಿನ ಸಾಹೇಬರ ಮೊಬೈಲಿಗೂ ಹೋಗಿತ್ತು.

"ಯಾವ ವಿಡಿಯೊ?" ಎಂದೆ.

"ನಿಮ್ದೇ ಅಜ್ಜಿ," ಎಂದರು ಅಕ್ಕೋರು.

ನಮ್ಮ ಕೇರಿಯ ಗಂಡಸರಲ್ಲಿ ಒಂದು ರೂಢಿಯಿದೆ. ದೋಣಿ ಮುಳುಗುವಷ್ಟು ಬಂಗಡೆ ತಂದವನನ್ನೂ ಎಂತ ಬಿತ್ತು ಎಂದು ಕೇಳಿ ನೋಡಿ, ಎಂತದೂ ಇಲ್ಲ ಮಾರಾಯ ಎನ್ನುತ್ತಾನೆ. ಇದೆ ಎಂದರೆ ಮರುದಿನ ಆ ಜಾಗದಲ್ಲಿ ಊರಿನ ಅಷ್ಟೂ ಬಲೆ ಬೀಳುತ್ತವೆ. ನನ್ನ ಗಂಡ ಸಾಯುವ ಹಿಂದಿನ ವಾರದ ತನಕ ನನಗೂ ನಿಜ ಹೇಳಿದವನಲ್ಲ. ಜೀವಮಾನವಿಡೀ ಅದಕ್ಕೆ ಅವನನ್ನು ಬೈದಿದ್ದೆ. ಅಕ್ಕೋರ ಮಾತು ಬಂದಾಗ ನಾನು ಗಂಡಸರ ಹಾಗೆ ಮಾತಾಡಬೇಕಿತ್ತು. ಹೆಂಗಸರ ಹಾಗೆ ಕೂಗಿ ಮಾರಿಬಿಟ್ಟೆ. ಮಾರಿದ ಮೇಲೆ ಗಿರಾಕಿ ಚೀಲಕ್ಕೆ ಹಾಕಿಕೊಂಡು ಹೋಗದೆ ಮತ್ತೇನು ಮಾಡುತ್ತಾನೆ?

ಹೆಡ್ ಮಾಸ್ತರ ಹತ್ತಿರ ಹೋದೆ. ಅತಿಥಿ ಶಿಕ್ಷಕರನ್ನು ಕೊಡುತ್ತಾರೆ, ಹೆದರಬೇಡಿ ಎಂದರು. ಅತಿಥಿಗಳು ಅಲ್ಲಿಂದ ಇಲ್ಲಿಯತನಕ ಮೂರು ಜನ ಬಂದರು, ಹೆಸರಿಗೆ ತಕ್ಕ ಹಾಗೆ ಹೋದರು. ಮಕ್ಕಳು ಒಂದೊಂದಾಗಿ ಹೊನ್ನಾವರದ ಇಂಗ್ಲಿಷ್ ಶಾಲೆಯ ವ್ಯಾನು ಹತ್ತಿದವು. ಆದರೆ ಆ ದಿನ ಇದೆಲ್ಲ ಇನ್ನೂ ಆಗಿರಲಿಲ್ಲ, ತಡೆಯಬಹುದೆಂದು ನಾನು ತಿಳಿದಿದ್ದೆ. ಕಾರ್ಯಕ್ರಮದ ದಿನ ಅಧ್ಯಕ್ಷರು ಕೊಟ್ಟಿದ್ದ ನಂಬರಿಗೆ ಸುಮಾಳಿಂದ ಫೋನ್ ಮಾಡಿಸಿದೆ. ಅವರಿಗೆ ನನ್ನ ಗುರುತು ಸಿಕ್ಕಿತು. ಬಹಳ ಸಂತೋಷದ ವಿಷಯ ಅಮ್ಮ, ನಿಮ್ಮ ಕೇರಿಯ ಬೆಳಕು ಇಡೀ ಜಿಲ್ಲೆಗೆ ಹೋಗುತ್ತಿದೆ ಎಂದರು. ಅಕ್ಕೋರ ಊರು ಗೇರುಸೊಪ್ಪದಲ್ಲೇ ಕರೆಂಟು ಮಾಡುವ ಡ್ಯಾಮು ಇದೆ; ಬೆಳಕು ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಕಡೆಯವರಿಗೆ ಹೊಸ ಸುದ್ದಿಯಲ್ಲ.

"ಕಪಾಟು ನೀವೇ ಇಟ್ಕಳಿ, ನಿಮ್ಮ ಅಪ್ಪನ್ನೂ ಕರ್ಕೊಂಡು ಹೋಗಿ," ಎಂದೆ. "ಅಕ್ಕೋರ ವಾಪಸ್ ಕೊಡಿ."

ಅವರು ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಇವರಿಗೆ ಕೊಡುವುದು ಗೊತ್ತು. ಕೊಟ್ಟ ಮೇಲೆ ಏನಾಯಿತು ಎಂದು ಕೇಳುವ ರೂಢಿ ಇಲ್ಲ. ಅಕ್ಕೋರು ಹೋಗುವಾಗ ನನಗೆ ಹೇಳಿದ್ದು ಒಂದೇ ಮಾತು, ಸುಮಾಗೆ ಓದುವುದು ಬಿಡಿಸಬೇಡಿ ಅಜ್ಜಿ ಎಂದು. ನನಗೆ ಅವರ ಮೇಲೂ ಸಿಟ್ಟು ಬಂತು. ಅಳುವವರಾದರೆ ಅಳಬೇಕು, ಜಗಳ ಮಾಡುವವರಾದರೆ ಮಾಡಬೇಕು. ಹೀಗೆ ಮೆತ್ತಗೆ ಹೇಳಿ ಹೋದರೆ ಉಳಿದವರು ಏನು ಮಾಡಬೇಕು?

ಫೋನ್ ಮಾಡಿದ ಮಾರನೇ ದಿನ ಬೆಳಗ್ಗೆ ನಾನು ಮೀನಿಗೆ ಹೋಗಲಿಲ್ಲ. ಒಳ್ಳೆಯ ಸೀರೆ ಉಟ್ಟು ಕುಮಟಾ ಬಸ್ಸು ಹತ್ತಿದೆ. ಹೊಗಳಿ ಹೋದದ್ದನ್ನು ಬೈದು ವಾಪಸು ತರಬೇಕು, ಬೇರೆ ದಾರಿಯಿಲ್ಲ. ಆದರೆ ಏನೆಂದು ಬೈಯುವುದು? ತಡವಾಗಿ ಬರುತ್ತಾರೆ ಎಂದರೆ ಸಂಬಳ ಹಿಡಿಯುತ್ತಾರೆ. ಹೊಡೆಯುತ್ತಾರೆ ಎಂದರೆ ಪೊಲೀಸು. ಕೆಲಸ ಉಳಿಯಬೇಕು, ತರಬೇತಿ ಮಾತ್ರ ತಪ್ಪಬೇಕು, ಅಷ್ಟು ಸಣ್ಣದೊಂದು ತಪ್ಪು ಬೇಕಾಗಿತ್ತು. ಇಷ್ಟು ವರ್ಷ ಕೇರಿಯಲ್ಲಿ ಒಬ್ಬರನ್ನೂ ಬಿಡದೆ ಆಡಿಕೊಂಡವಳಿಗೆ ಅವತ್ತು ಒಂದು ತಪ್ಪು ಹುಡುಕುವಷ್ಟರಲ್ಲಿ ಕುಮಟಾ ಬಂದೇಬಿಟ್ಟಿತು.

ಸಾಹೇಬರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು.

"ಆ ಅಕ್ಕೋರ ತರಬೇತಿಗೆ ಹಾಕ್ಬೇಡಿ ಸಾಹೇಬ್ರೆ," ಎಂದೆ. "ಮಕ್ಕಳ ಹತ್ರ ಆದ್ರೆ ಅಡ್ಡಿಲ್ಲ. ದೊಡ್ಡೋರ ಕಂಡ್ರೆ ಆಗೂದಿಲ್ಲ ಅವ್ರಿಗೆ, ಜಗಳ ತೆಗೀತ್ರು. ನಿಮ್ಮ ಮಾಸ್ತರುಗಳು ಒಂದೇ ದಿನಕ್ಕೆ ಓಡಿಹೋಗ್ತ್ರು."

ಸಾಹೇಬರು ನನ್ನ ಮುಖವನ್ನೇ ನೋಡಿದರು. ಮೊಬೈಲು ತೆಗೆದು, ಬೆರಳಾಡಿಸಿ, ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟರು. ಅದರೊಳಗೆ ಮಾಸಿದ ಸೀರೆಯ ಒಬ್ಬಳು ಮುದುಕಿ ಕೈ ಬೀಸಿ ಬೀಸಿ, ಹೊನ್ನಾವರದಿಂದ ಭಟ್ಕಳದ ತಂಕ ಹುಡ್ಕಿದ್ರೂ ಸಿಕ್ಕೂದಿಲ್ಲ ಎಂದು ಕೂಗುತ್ತಿದ್ದಳು.

"ಇದು ನೀವೇ ಅಲ್ವಾ ಅಜ್ಜಿ?" ಎಂದರು.

"ಆ ಹೆಂಗ್ಸಿನ ಮಾತು ನಂಬಬೇಡಿ ಸಾಹೇಬ್ರೆ," ಎಂದೆ. "ಅವ್ಳು ಮೀನು ಮಾರೂಳು."