ದೊಡ್ಡಪ್ಪನ ಐದನೇ ಆಯ್ಕೆ

ಬಾಯಿಬಿಟ್ಟು ಬೆಲೆ ಹೇಳುವವರೆಲ್ಲ ಸುಳ್ಳರು ಎಂದು ಮನಸಾರೆ ನಂಬಿದ ಮನುಷ್ಯ ಇಡೀ ಯಲಬುರ್ಗಾದಲ್ಲಿ ಒಬ್ಬನೇ ಒಬ್ಬನಿದ್ದಾನೆ. ನನ್ನ ಪುಣ್ಯವೋ ಪಾಪವೋ, ಅವನು ನನ್ನ ದೊಡ್ಡಪ್ಪ!

ದೊಡ್ಡಪ್ಪ ಕುರಿ ಸಂತೆಯ ದಲ್ಲಾಳಿ. ಕುಷ್ಟಗಿಯಾಗಲಿ, ಕನಕಗಿರಿಯಾಗಲಿ, ಕುರಿ ಸೇರಿದ ಕಡೆ ಅವನು ಹಾಜರು. ಈ ವ್ಯಾಪಾರ ಮಾತಿನಲ್ಲಿ ನಡೆಯುವುದಿಲ್ಲ. ದಲ್ಲಾಳಿ ಹೆಗಲ ಮೇಲಿನ ವಲ್ಲಿಯನ್ನು, ಅಂದರೆ ಟವೆಲ್ಲನ್ನು, ಕೈಮೇಲೆ ಹೊದಿಸಿಕೊಂಡು ಅದರ ಅಡಿಯಲ್ಲಿ ಮೊದಲು ಮಾರುವವನ ಬೆರಳು ಹಿಡಿಯುತ್ತಾನೆ, ಆಮೇಲೆ ಕೊಳ್ಳುವವನ ಬೆರಳು. ಎಷ್ಟು ಬೆರಳು ಹಿಡಿದರೋ ಅಷ್ಟು ರೇಟು. ಸುತ್ತ ನಿಂತವರಿಗೆ ಕಾಣುವುದು ಬರೀ ಮುಖಗಳು. ನಲವತ್ತು ವರ್ಷ ಇದನ್ನೇ ಮಾಡಿದವನು ಮನೆಗೆ ಬಂದ ಮೇಲೆ ಬದಲಾಗುತ್ತಾನೆಯೇ? ದೊಡ್ಡವ್ವ ಒಲೆಯ ಮುಂದೆ ಕೂತು "ಬದನಿಕಾಯಿ ಹೆಂಗ ಕೊಟ್ರು?" ಎಂದು ಕೇಳಿದರೆ ಸಾಕು, ವಲ್ಲಿ ಇಳಿಸಿ ಆಕೆಯ ಕೈ ಹಿಡಿಯುತ್ತಾನೆ.

"ಮಕ್ಕಳ ಮುಂದ ಇದೇನ್ರಿ, ನಾಚಿಕಿ ಬ್ಯಾಡೇನು!" ಎಂದು ದೊಡ್ಡವ್ವ ಕೈ ಕಿತ್ತುಕೊಳ್ಳುತ್ತಾಳೆ. ಹೀಗಾಗಿ ಬದನೆಕಾಯಿಯ ಬೆಲೆ ನಮ್ಮ ಮನೆಯಲ್ಲಿ ಇವತ್ತಿಗೂ ಗಂಡಹೆಂಡಿರ ಗುಟ್ಟು.

ಇಂಥವನು ನನ್ನ ಗುರುವಾದ ಕಥೆ ಕೇಳಿ. ಸರ್ಕಾರಿ ನೌಕರಿಗೆಂದು ನಾನು ಎರಡು ಸಲ ಪರೀಕ್ಷೆ ಬರೆದು, ಎರಡು ಸಲವೂ ಒಂದೇ ಕಡೆ ಮುಗ್ಗರಿಸಿದ್ದೆ: ಪೂರೈಕೆ, ಬೇಡಿಕೆ, ಬೆಲೆಗಳ ಮೇಲಿನ ತರ್ಕದ ಪ್ರಶ್ನೆಗಳು. 'ಕೆಳಗಿನ ಯಾವ ಹೇಳಿಕೆ ಈ ವಾದವನ್ನು ದುರ್ಬಲಗೊಳಿಸುತ್ತದೆ?' ಎಂದು ಓದುತ್ತಿದ್ದಂತೆ ವಾದ ಗಟ್ಟಿಯಾಗಿಯೇ ಇರುತ್ತಿತ್ತು, ದುರ್ಬಲಳಾಗುತ್ತಿದ್ದವಳು ನಾನು! ಈ ಸಲ ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಇದ ಕಡೀದು ನೋಡವಾ. ಇದರಾಗ ಆಗಲಿಲ್ಲಂದ್ರ ಲಗ್ನ."

ನಮ್ಮದು ಅಪ್ಪ, ದೊಡ್ಡಪ್ಪ ಇಬ್ಬರೂ ಒಟ್ಟಿಗಿರುವ ಮನೆ. ಒಂದು ಸಂಜೆ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ: "ಒಂದು ಪಟ್ಟಣದಲ್ಲಿ ಕುರಿಗಳ ಪೂರೈಕೆ ಹೆಚ್ಚಾಯಿತು. ಆದ್ದರಿಂದ ಕುರಿಗಳ ಬೆಲೆ ಇಳಿಯುತ್ತದೆ. ಈ ವಾದವನ್ನು..."

ಎಲೆ ಅಡಿಕೆ ಮೆಲ್ಲುತ್ತಿದ್ದ ದೊಡ್ಡಪ್ಪನ ಕಿವಿ ನಿಮಿರಿತು.

"ಎಷ್ಟು ಹಲ್ಲಿನ ಕುರಿ?"

"ಅಂದ್ರ?"

"ಬಾಯಾಗ ಹಲ್ಲು ಎಷ್ಟವಾ? ಕುರಿ ವಯಸ್ಸು ತಿಳಿಯೂದ ಹಲ್ಲಿನಾಗ. ಎರಡು ಹಲ್ಲಿನ ಟಗರಿಗೂ ಮುದಿ ಕುರಿಗೂ ಒಂದ ರೇಟೇನು?"

"ಹಲ್ಲಿನ ಸುದ್ದಿ ಪುಸ್ತಕದಾಗ ಇಲ್ಲ ದೊಡ್ಡಪ್ಪಾ."

"ಹೋಗ್ಲಿ, ಮಳಿ ಆಗೇತೋ ಇಲ್ಲೋ?"

"ಅದೂ ಇಲ್ಲ."

"ಹಲ್ಲು ನೋಡಿಲ್ಲ, ಮುಗಿಲು ನೋಡಿಲ್ಲ, ರೇಟು ಇಳೀತೈತಂತ ಹೇಳ್ತಾನ! ಯಾವನವಾ ಈ ದಲ್ಲಾಳಿ? ಇವನ ಕೈಯಾಗ ಯಾರು ಕುರಿ ಕೊಡ್ತಾರ?"

ಪುಸ್ತಕ ಬರೆದ ಪ್ರೊಫೆಸರರು ನಮ್ಮ ಪಡಸಾಲೆಯಲ್ಲಿ ಗಿರಾಕಿಯಿಲ್ಲದ ದಲ್ಲಾಳಿಯಾಗಿಬಿಟ್ಟರು.

ನಗಬೇಡಿ! ಉತ್ತರ ಅಲ್ಲೇ ಇತ್ತು. ಮಳೆಯಾಗಿ ಹುಲ್ಲು ಚಿಗುರಿದರೆ, ಮೇಯಿಸಿ ಬೆಳೆಸೋಣವೆಂದು ಕುರಿ ಕೊಳ್ಳುವವರೂ ಹೆಚ್ಚುತ್ತಾರೆ. ಆಗ ಎಷ್ಟು ಕುರಿ ಬಂದರೂ ಬೆಲೆ ಇಳಿಯುವುದಿಲ್ಲ. 'ಅದೇ ವೇಳೆಗೆ ಕೊಳ್ಳುವವರ ಸಂಖ್ಯೆಯೂ ಹೆಚ್ಚಿತು' ಎಂದು ಆಯ್ಕೆ ಸಿ ಹೇಳುತ್ತಿತ್ತು. ವಾದ ಮಾಡುವವನು ಹೇಳದೆ ಬಿಟ್ಟದ್ದೇನು ಎಂದು ಕೇಳಬೇಕು, ಅಷ್ಟೆ. ಗಂಗಾವತಿಯ ಕೋಚಿಂಗ್ ಕ್ಲಾಸಿನಲ್ಲಿ ಆರು ತಿಂಗಳು ಕೂತರೂ ತಲೆಗೆ ಹೋಗದ್ದು, ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುವವನಿಂದ ಒಂದೇ ಸಂಜೆಯಲ್ಲಿ ಹೋಯಿತು.

ಹೋದದ್ದು ಸ್ವಲ್ಪ ಅತಿಯಾಗಿಯೇ ಹೋಯಿತು ಅನ್ನಿ. ಮರುವಾರ ಕ್ಲಾಸಿನಲ್ಲಿ ಸರ್ ಕೇಳಿದರು, "ಒಂದು ಊರಿನಲ್ಲಿ ಕಾರುಗಳ ಬೇಡಿಕೆ ಇಳಿದರೂ ಬೆಲೆ ಏರಿತು. ಕಾರಣ ಏನಿರಬಹುದು?" ನಾನು ಧಡಕ್ಕನೆ ಎದ್ದು ನಿಂತು, "ಸರ್, ಎಷ್ಟು ಹಲ್ಲಿನ ಕಾರು?" ಎಂದುಬಿಟ್ಟೆ! ಸರ್ ಚಾಕ್‌ಪೀಸ್ ಕೆಳಗಿಟ್ಟರು. ಆ ದಿನ ಪಾಠ ಮುಂದೆ ಸಾಗಲಿಲ್ಲ.

ಇನ್ನು ದೊಡ್ಡಪ್ಪ ಉತ್ತರ ಹೇಳುವ ರೀತಿ! ಎ, ಬಿ ಎಂದು ಬಾಯಲ್ಲಿ ಹೇಳುವುದು ಅವನಿಗೆ ಮರ್ಯಾದೆಗೇಡು. ಒಂದು ಬೆರಳು ಹಿಡಿದರೆ ಎ, ಎರಡು ಹಿಡಿದರೆ ಬಿ, ಎಲ್ಲವೂ ವಲ್ಲಿಯ ಅಡಿಯಲ್ಲೇ ಆಗಬೇಕು. "ಬಾಯಿ ಬಿಟ್ಟು ಹೇಳಿದ್ರ ಮಗ್ಗಲದವ್ರು ಕೇಳಿಸ್ಕೊಂಡು ನೌಕರಿ ಹೊಡಕೋತಾರ" ಎನ್ನುತ್ತಿದ್ದ. ನಮ್ಮ ಮಗ್ಗುಲ ಮನೆಯಲ್ಲಿ ಇರುವುದು ಎಂಬತ್ತು ದಾಟಿದ ಅಜ್ಜಿ ಮತ್ತು ಆಕೆಯ ಎರಡು ಎಮ್ಮೆ!

ಒಮ್ಮೆ ಪರೀಕ್ಷೆಯ ಕಾಗದಪತ್ರದ ಕೆಲಸಕ್ಕೆ ಇಬ್ಬರೂ ಕೊಪ್ಪಳದ ಬಸ್ಸು ಹತ್ತಿದೆವು. ನಾನು ಮೆಲ್ಲಗೆ ಪ್ರಶ್ನೆ ಓದುವುದು, ಅವನು ವಲ್ಲಿಯ ಅಡಿಯಲ್ಲಿ ಬೆರಳು ಹಿಡಿಯುವುದು, ನಾನು ಒಪ್ಪದೆ ತಲೆ ಅಲ್ಲಾಡಿಸುವುದು. ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಮರೆತು ನಿಂತ.

"ಎಷ್ಟಕ್ಕ ಮುಗೀತ್ರಿ ಯಜಮಾನ್ರ?"

"ಇನ್ನೂ ಎಲ್ಲಿ ಮುಗೀತಪಾ? ಹುಡಿಗಿ ಭಾಳ ಜಗ್ಗಾಡಾಕತ್ತಾಳ."

ಹಿಂದಿನ ಸೀಟಿನವರೊಬ್ಬರು ಕರುಣೆಯಿಂದ ಸಲಹೆ ಕೊಟ್ಟರು, "ಹೋಗ್ಲಿ ಬಿಡ್ರಿ, ಇಬ್ರಿಗೂ ನಡುವ ಮಾಡಿ ಮುಗಸ್ರಿ." ಬಿ ಮತ್ತು ಸಿ ನಡುವೆ ಮುಗಿಸುವುದು ಹೇಗೆ ಸ್ವಾಮಿ?

ಅಷ್ಟರಲ್ಲಿ ದೊಡ್ಡಪ್ಪ ನನ್ನ ಐದೂ ಬೆರಳು ಹಿಡಿದ.

"ದೊಡ್ಡಪ್ಪಾ, ಇರೂವು ನಾಕ!"

"ನಾಕರಾಗ ಒಂದೂ ಖರೇ ಇಲ್ಲವಾ. ಖರೇದು ಐದನೇದು. ಅದನ್ನ ಬರದಾವ ಮುಚ್ಚಿಟ್ಕೊಂಡಾನ."

ಹೀಗೆ ಜಗ್ಗಾಡುತ್ತ, ನಗುತ್ತ, ಹತ್ತಕ್ಕೆ ಏಳು ಪ್ರಶ್ನೆ ಸರಿ ಬರುವಷ್ಟಾದೆ. ಪರೀಕ್ಷೆಗೆ ಎರಡು ವಾರವಿತ್ತು. ಆಗ ಮನೆಗೆ ಬಂದರು ನೋಡಿ, ಸಂಬಂಧ ಕುದುರಿಸುವ ಯಜಮಾನರೊಬ್ಬರು.

ಕುಷ್ಟಗಿ ಕಡೆಯ ಗಂಡು, ನೀರಾವರಿ ಹೊಲ, ಹೊಸ ಮನೆ. ಎಲ್ಲ ಛಲೋ. ಆದರೆ ಗಂಡಿನ ಮನೆಯವರಿಗೆ ನಿಶ್ಚಯ ತಕ್ಷಣ ಆಗಬೇಕು, ಅದೂ ನನ್ನ ಪರೀಕ್ಷೆಯ ಭಾನುವಾರವೇ. ಸೊಸೆ ನೌಕರಿ ಮಾಡುವುದು ಅವರಿಗೆ ಬೇಕಿಲ್ಲವಂತೆ, ಹಾಗಾಗಿ ಪರೀಕ್ಷೆ ಯಾಕೆ?

ಅಪ್ಪ ಹಿಂದೆಮುಂದೆ ನೋಡಿದ. ಬಂದವರು ಚಹಾದ ಬಸಿ ಕೆಳಗಿಟ್ಟು ಹೇಳಿದರು, "ನೋಡ್ರಿ, ಹುಡಿಗಿಗೆ ಈಗ ಇಪ್ಪತ್ತೇಳು. ಇವತ್ತಿಗೆ ಡಿಮ್ಯಾಂಡ್ ಐತಿ. ಇಂಥಾ ಹುಡಿಗ್ಯಾರು ಮನಿಗೊಬ್ರು ಅದಾರ. ವರ್ಷ ತಡದ್ರ ಕೇಳಾವ್ರು ಇರಾಂಗಿಲ್ಲ."

ಅಪ್ಪ ತಲೆ ತಗ್ಗಿಸಿದ. ಬಾಗಿಲ ಹಿಂದೆ ಪುಸ್ತಕ ಹಿಡಿದು ನಾನು ನಿಂತಿದ್ದೆ. ಪೂರೈಕೆ, ಬೇಡಿಕೆ, ಬೆಲೆ, ಎಲ್ಲವೂ ಇದ್ದ ಪ್ರಶ್ನೆ. ಈ ವಾದವನ್ನು ದುರ್ಬಲಗೊಳಿಸಲು ನನಗೆ ಒಂದು ಹೇಳಿಕೆಯೂ ಹೊಳೆಯಲಿಲ್ಲ. ಅಳು ಬಂತು.

ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪ ಕೆಮ್ಮಿದ.

"ನೀವು ಹೇಳಿದ್ದು ಖರೇ ಐತ್ರಿ. ನಲವತ್ತು ವರ್ಷದಿಂದ ನಾನೂ ನೋಡೀನಿ. ಹೊತ್ತು ಏರಿದಂಗ ರೇಟು ಇಳೀತೈತಿ."

ಮುಗಿಯಿತು ಅಂದುಕೊಂಡೆ. ದೊಡ್ಡಪ್ಪನೂ ಅವರ ಕಡೆಯೇ ಆದ.

"ಆದ್ರ ಅದು ಮಾರಾಕ ಹೊಡಕೊಂಡು ಬಂದ ಕುರಿ ಮಾತು. ನಮ್ಮ ಹುಡಿಗೀನ ನಾವು ಸಂತಿಗೆ ತಂದಿಲ್ರಿ."

ದೊಡ್ಡಪ್ಪ ಅಪ್ಪನ ಕಡೆ ತಿರುಗಿದ.

"ತಮ್ಮಾ, ಆಕಿ ಪರೀಕ್ಷಾ ಬರೀಲಿ. ಈ ಸಲ ಆಗಲಿಲ್ಲಂದ್ರ ಮತ್ತೊಂದು ಸಲ ಬರೀತಾಳ. ಆಕಿ ಇರೂದು ತನ್ನ ಮನ್ಯಾಗ. ಯಾರಿಗೇನು ಅವಸರ ಐತಿ?"

ಅಪ್ಪ ತಲೆ ಎತ್ತಿ ಬಂದವರನ್ನು ನೋಡಿದ. ಮೆಲ್ಲಗೆ, "ನಿಶ್ಚಯ ಸದ್ಯಕ್ಕ ಬ್ಯಾಡ್ರಿ. ಆಕೀದು ಪರೀಕ್ಷಾ ಐತಿ" ಎಂದ.

ಬಂದವರು ಹೋದ ಮೇಲೆ ದೊಡ್ಡಪ್ಪ ಒಳಗೆ ಬಂದು ನನ್ನ ಪಕ್ಕ ಕೂತ. ಹೊರಗೆ ಏನೂ ನಡೆದೇ ಇಲ್ಲವೆಂಬಂತೆ, "ಎಲ್ಲಿಗೆ ಬಂದಿತ್ತವಾ? ಮುಂದಿನ ಪ್ರಶ್ನಿ ಓದು" ಎಂದ. ಆ ಗಳಿಗೆಯಲ್ಲಿ ಅವನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಹೆತ್ತ ಅಪ್ಪನ ಮೇಲೂ ನನಗೆ ಅಷ್ಟು ಬಂದಿರಲಿಕ್ಕಿಲ್ಲ. ಪುಸ್ತಕ ತೆರೆದೆ. ಬಾಯಿ ತೆರೆದೆ. ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಅದೇ ಸಾಲನ್ನು ಮತ್ತೆ ಮತ್ತೆ ನೋಡಿದೆ.

ದೊಡ್ಡಪ್ಪ ಪುಸ್ತಕದ ಕಡೆ ಬಗ್ಗಿ ನೋಡಿದ.

"ಯಾಕವಾ, ಪ್ರಶ್ನಿ ಭಾಳ ಉದ್ದ ಐತೇನು?"

"ಹೂಂ ದೊಡ್ಡಪ್ಪಾ," ಎಂದೆ ಹೇಗೋ, "ಭಾಳ ಉದ್ದ ಐತಿ."

"ಇರ್ಲಿ ಬಿಡು. ಸಾವಕಾಶ ಓದು. ನಾ ಕುಂತೀನಿ."